ಕೂತು ಮಾತಾಡುತ್ತಿದ್ದ ರೋಗಿ

ಹೆಬ್ಬಾಲೆಯ ಕೆಂಪಣ್ಣ ಆಸ್ಪತ್ರೆಗೆ ಬಂದದ್ದು ಹೆಂಡತಿಯ ಕಾಟ ತಾಳಲಾರದೆ. ಹಾಗಂತ ಅವನೇ ಬಾಗಿಲಲ್ಲಿ ನರ್ಸಿಗೆ ಹೇಳಿದ. ಆಟೊದಿಂದ ಇಳಿದವನು ಯಾರ ಕೈಯನ್ನೂ ಹಿಡಿಯದೆ, ಸ್ವಲ್ಪ ಕುಂಟುತ್ತ ಮೆಟ್ಟಿಲು ಹತ್ತಿದ. ಹಿಂದಿನಿಂದ ವನಜಮ್ಮ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಸಿನೀರಿನ ಫ್ಲಾಸ್ಕು, ಟವೆಲ್ಲು ತುಂಬಿಕೊಂಡು ಬಂದಳು. ಮಗಳು ಸೌಮ್ಯ ತನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ಸ್ಕೂಟರಿನಲ್ಲಿ ಬಂದಿದ್ದಳು.

ಜನವರಿ ತಿಂಗಳು. ಊರಿನ ಸುತ್ತ ಎಲ್ಲ ಕಡೆ ಶುಂಠಿ ಕೀಳುವ ಕೆಲಸ. ಕೆಂಪಣ್ಣನ ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಅಂದಿನಿಂದ ಭತ್ತ, ಶುಂಠಿ ಬಿಟ್ಟು ಆ ಮನೆಯವರು ಬೇರೇನನ್ನೂ ಯೋಚಿಸಿದವರಲ್ಲ. ಶುಂಠಿ ಕೀಳುವಾಗ ಗುದ್ದಲಿಯ ಏಣು ಬಲಗಾಲಿನ ಬೆರಳ ಸಂದಿಗೆ ತಾಗಿತ್ತು. ಸಣ್ಣ ಗಾಯ. ಅರಿಸಿನ ಒತ್ತಿ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದ್ದ. ಸಕ್ಕರೆ ಕಾಯಿಲೆ ಇದ್ದುದರಿಂದ ಕಾಲಿನ ನೋವು ಅವನಿಗೆ ಅಷ್ಟಾಗಿ ತಿಳಿಯುತ್ತಲೂ ಇರಲಿಲ್ಲ.

ಡ್ಯೂಟಿಯಲ್ಲಿದ್ದವಳು ಡಾಕ್ಟರ್ ತೇಜಸ್ವಿನಿ. ಕೊಡ್ಲಿಪೇಟೆಯ ಕಡೆಯವಳು. ಎಂ.ಡಿ. ಮುಗಿಸಿ ಈ ಟ್ರಸ್ಟ್ ಆಸ್ಪತ್ರೆಗೆ ಸೇರಿ ಇನ್ನೂ ಎರಡನೆಯ ವರ್ಷ. ಅವಳು ಬಟ್ಟೆ ಬಿಚ್ಚಿ ನೋಡಿದಳು. ಪಾದ ಊದಿ ಹಿಮ್ಮಡಿಯವರೆಗೆ ಕೆಂಪೇರಿತ್ತು.

"ಎಷ್ಟು ದಿವಸದಿಂದ ಹೀಗಿದೆ ಯಜಮಾನ್ರೆ?"

"ಏನಿಲ್ಲ ಕಣಮ್ಮ, ಒಂದೆರಡು ದಿನ. ಒಂದು ಇಂಜೆಕ್ಷನ್ ಕೊಟ್ಬುಡಿ, ಹೊಂಟೋಯ್ತೀನಿ. ನಾಳಿದ್ದು ಶುಂಠಿ ಲೋಡ್ ಆಗಬೇಕು."

ಮುಖದಲ್ಲಿ ನಗು ಇತ್ತು. ಜ್ವರವಿರಲಿಲ್ಲ, ನಿಜ ಹೇಳಬೇಕೆಂದರೆ ಮೈ ಇರಬೇಕಾದ್ದಕ್ಕಿಂತ ತಣ್ಣಗಿತ್ತು. ಬಿಪಿ ಸ್ವಲ್ಪ ಕಡಿಮೆ. ಉಸಿರು ಮಾತ್ರ ಬೇಗ ಬೇಗ ಓಡುತ್ತಿತ್ತು, ಮೆಟ್ಟಿಲು ಹತ್ತಿದ್ದಕ್ಕೆ ಎಂದ. ಸೌಮ್ಯ ಅಪ್ಪನ ಬೆನ್ನ ಹಿಂದೆ ನಿಂತು ಡಾಕ್ಟರಿಗೆ ಸನ್ನೆ ಮಾಡಿ ಹೊರಗೆ ಕರೆದಳು.

"ಬೆಳಿಗ್ಗೆ ನನ್ನನ್ನ 'ಪುಟ್ಟಮ್ಮ' ಅಂತ ಕರೆದ್ರು ಡಾಕ್ಟ್ರೆ. ಪುಟ್ಟಮ್ಮ ಅಂದ್ರೆ ನಮ್ಮತ್ತೆ, ಅಪ್ಪನ ಅಕ್ಕ. ತೀರಿಕೊಂಡು ಆರು ವರ್ಷ ಆಯ್ತು. ಅಮ್ಮ ಅದನ್ನ ತಮಾಷೆ ಅಂದ್ಕೊಂಡ್ಳು. ನಿನ್ನೆಯಿಂದ ಒಂದಕ್ಕೂ ಸರಿಯಾಗಿ ಹೋಗಿಲ್ಲ."

ತೇಜಸ್ವಿನಿ ಒಳಗೆ ಬಂದು ಕೆಂಪಣ್ಣನ ತೋಳಿನಿಂದ ರಕ್ತ ತೆಗೆದಳು. ಅದರಲ್ಲಿ ಒಂದು ಹನಿಯನ್ನು ಅಂಗೈಯಗಲದ ಮೆಷಿನ್ನಿಗೆ ಹಾಕಿ ಕಾದಳು. ರಕ್ತದಲ್ಲಿನ ಲ್ಯಾಕ್ಟೇಟ್ ಎಂಬ ಅಂಶ ಐದು ದಾಟಿತ್ತು. ಆರೋಗ್ಯವಂತರಲ್ಲಿ ಅದು ಎರಡರ ಒಳಗಿರುತ್ತದೆ.

ಆ ಅಂಕಿಯನ್ನು ಅವಳು ಚೆನ್ನಾಗಿ ಬಲ್ಲಳು. ಎಂ.ಡಿ. ಓದುವಾಗ ಅವಳು ಸೆಪ್ಸಿಸ್ ರೋಗಿಗಳ ಮೇಲಿನ ಒಂದು ಅಧ್ಯಯನದಲ್ಲಿ ಕೆಲಸ ಮಾಡಿದ್ದಳು. ಎಲ್ಲೋ ಒಂದು ಕಡೆ ಹುಟ್ಟಿದ ಸೋಂಕಿಗೆ ಇಡೀ ದೇಹವೇ ದಿಕ್ಕೆಟ್ಟು, ತನ್ನ ಅಂಗಗಳನ್ನು ತಾನೇ ಕೆಡಿಸಿಕೊಳ್ಳತೊಡಗುವುದು ಸೆಪ್ಸಿಸ್. ಅಂಥವರ ರಕ್ತದಲ್ಲಿ ಏನೇನು ಏರಿದೆ ಎಂದು ಬಂದ ದಿನವೇ ಅಳೆಯುವುದು, ತಿಂಗಳಾದ ಮೇಲೆ ಮನೆಗೆ ಫೋನ್ ಮಾಡಿ ಹೇಗಿದ್ದಾರೆಂದು ವಿಚಾರಿಸುವುದು ಅವಳ ಕೆಲಸವಾಗಿತ್ತು. ಕೆಲವರು ತಾವೇ ಫೋನ್ ತೆಗೆದುಕೊಂಡು "ಆರಾಮಾಗಿದ್ದೀನಿ" ಎನ್ನುತ್ತಿದ್ದರು. ಕೆಲವು ಮನೆಗಳಲ್ಲಿ ಯಾರೋ ಫೋನ್ ಎತ್ತಿ, ಹೆಸರು ಕೇಳಿ, ಸುಮ್ಮನಾಗುತ್ತಿದ್ದರು. ನರಳಿದವರೇ ಸಾಯುತ್ತಾರೆ ಎಂದೇನಿಲ್ಲ ಎನ್ನುವುದನ್ನು ಅವಳು ಆಗ ಕಲಿತಳು. ಬೆಳಿಗ್ಗೆ ಮಂಚದ ಮೇಲೆ ಕೂತು ಇಡ್ಲಿ ತಿಂದವರು ಸಂಜೆಗೆ ಇಲ್ಲವಾದದ್ದುಂಟು. ಅಂಥವರಲ್ಲಿ ಬಹಳ ಮಂದಿಯ ರಕ್ತದಲ್ಲಿ ಲ್ಯಾಕ್ಟೇಟ್ ಮೊದಲೇ ಏರಿರುತ್ತಿತ್ತು, ಔಷಧಿ ಕೊಟ್ಟರೂ ಇಳಿಯುತ್ತಿರಲಿಲ್ಲ.

ಅವಳು ತಡ ಮಾಡಲಿಲ್ಲ. ಸಲೈನ್ ಹಾಕಿಸಿ, ಆ್ಯಂಟಿಬಯೋಟಿಕ್ ಕೊಡಿಸಿದಳು. ಕೆಂಪಣ್ಣ ಮಂಚದ ಮೇಲೆ ಕೂತೇ ಟೀ ಕೇಳಿದ.

ಅಷ್ಟರಲ್ಲಿ ಒಂದು ಜೀಪು ಪೋರ್ಟಿಕೋವಿನೊಳಗೆ ನುಗ್ಗಿ ನಿಂತಿತು. ಸುಂಟಿಕೊಪ್ಪದ ಮೇಲಿನ ಎಸ್ಟೇಟಿನ ಪೂವಯ್ಯ, ಅವರ ಹೆಂಡತಿ ಪೊನ್ನಮ್ಮ, ಹಿಂದಿನ ಸೀಟಿನಲ್ಲಿ ಎರಡು ಕಂಬಳಿ ಹೊದ್ದ ಮೊಮ್ಮಗಳು ದೀಕ್ಷಿತಾ. ಅವಳು ಊರಿನ ಕಾಲೇಜಿನಲ್ಲಿ ಪಾಠ ಮಾಡುವವಳು. ಕಾಫಿ ಪಿಕ್ಕಿಂಗ್ ನಡೆಯುತ್ತಿದೆಯೆಂದು ವಾರದ ಮಟ್ಟಿಗೆ ಅಜ್ಜನ ಮನೆಗೆ ಹೋಗಿದ್ದಳು. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಸ್ಟ್ರೆಚರೇ ಗಡಗಡ ಸದ್ದು ಮಾಡುವಷ್ಟು ನಡುಗುತ್ತಿದ್ದಳು. ಜ್ವರ ನೂರ ನಾಲ್ಕು. ಹಲ್ಲು ಕಟಕಟಿಸುತ್ತಿದ್ದುದರಿಂದ ಹೆಸರು ಹೇಳಲೂ ಆಗುತ್ತಿರಲಿಲ್ಲ.

ಮೂತ್ರದ ಸೋಂಕು ಎಂದು ತೇಜಸ್ವಿನಿಗೆ ಬೇಗ ಗೊತ್ತಾಯಿತು. ಬಿಪಿ ಚೆನ್ನಾಗಿತ್ತು. ದೀಕ್ಷಿತಾಳ ರಕ್ತವನ್ನೂ ಮೆಷಿನ್ನಿಗೆ ಹಾಕಿದಳು. ಒಂದೂವರೆಗಿಂತ ಕಡಿಮೆ. ಎರಡನೆಯ ಸಲ ಹಾಕಿದಳು. ಅಷ್ಟೇ.

ಆಮೇಲೆ ಕೆಂಪಣ್ಣನ ಬಳಿ ಬಂದು ಮತ್ತೊಮ್ಮೆ ರಕ್ತ ತೆಗೆದಳು. ಎರಡು ಬಾಟಲಿ ಸಲೈನ್ ಒಳಗೆ ಹೋಗಿತ್ತು. ಇಳಿಯಬೇಕಾಗಿದ್ದ ಲ್ಯಾಕ್ಟೇಟ್ ಆರು ದಾಟಿತ್ತು.

"ಯಜಮಾನ್ರನ್ನ ಈಗಲೇ ಮೈಸೂರಿಗೆ ಕಳಿಸಬೇಕು" ಎಂದಳು ವನಜಮ್ಮನಿಗೆ. "ಕಾಲಿನ ಒಳಗೆ ಕೀವು ಇದೆ, ಆಪರೇಷನ್ ಆಗಬೇಕು. ಐಸಿಯು ಬೇಕು. ಕಿಡ್ನಿಗೂ ತೊಂದರೆ ಶುರುವಾಗಿದೆ. ಇಲ್ಲಿ ಅದ್ಯಾವುದಕ್ಕೂ ಅನುಕೂಲ ಇಲ್ಲ."

ವನಜಮ್ಮ ಗಂಡನ ಕಡೆ ತಿರುಗಿ ನೋಡಿದಳು. ಅವನು ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ.

"ಕೂತ್ಕೊಂಡು ಟೀ ಕುಡೀತಾ ಅವ್ರಲ್ಲ ಡಾಕ್ಟ್ರಮ್ಮ" ಎಂದಳು.

ತೊಂದರೆ ಶುರುವಾದದ್ದು ಇಲ್ಲಿಂದ. 108ರ ಗಾಡಿ ಮಡಿಕೇರಿ ರಸ್ತೆಯ ಅಪಘಾತವೊಂದಕ್ಕೆ ಹೋಗಿತ್ತು, ಬರಲು ಎರಡು ಗಂಟೆಯಾದರೂ ಬೇಕು. ಉಳಿದದ್ದು ಆಸ್ಪತ್ರೆಯ ಒಂದೇ ಆಂಬ್ಯುಲೆನ್ಸ್. ಅದನ್ನು ಕೊಡಿಸಿದವರು ಪೂವಯ್ಯ, ತಮ್ಮ ತಾಯಿಯ ನೆನಪಿಗೆ. ಅದರ ಬಾಗಿಲ ಮೇಲೆ ಆ ತಾಯಿಯ ಹೆಸರೇ ಇತ್ತು. ಡ್ರೈವರ್ ವಸಂತ ಗಾಡಿ ಹೊರಗೆ ತೆಗೆಯುವುದನ್ನು ಕಂಡ ಪೊನ್ನಮ್ಮ ಅದು ತಮ್ಮ ಮೊಮ್ಮಗಳಿಗೇ ಎಂದುಕೊಂಡು ಕಂಬಳಿ ಮಡಚತೊಡಗಿದರು. ಅದು ಒಳಗೆ ಕೂತಿರುವ ಗಂಡಸಿಗೆ ಎಂದು ತಿಳಿದಾಗ ಅವರ ಕೈ ನಿಂತಿತು.

"ಎಂತ ಡಾಕ್ಟ್ರೆ ಇದು. ಈ ಹುಡುಗಿ ಹೀಗೆ ನಡುಗ್ತಾ ಉಂಟು. ಅವರಿಗೆ ಎಂತ ಆಗಿದೆ, ಕಾಲಲ್ಲಿ ಗಾಯ ಅಲ್ವಾ? ಅವರು ಮುಂದೆ ಡ್ರೈವರ್ ಪಕ್ಕ ಕೂತ್ಕೊಳ್ಳಿ. ಇವಳನ್ನ ಹಿಂದೆ ಮಲಗಿಸಿ."

ಪರದೆಯ ಆ ಕಡೆಯಿಂದ ಕೆಂಪಣ್ಣನ ದನಿ ಕೇಳಿಸಿತು. "ಆ ಅಮ್ಮ ಹೇಳೋದು ಸರಿಯಾಗದೆ. ಮಗೀನ ಕಳ್ಸಿ. ನಂಗೇನಾಗದೆ? ನಾನು ಊರಿಗೆ ಹೋಯ್ತೀನಿ."

ಈ ಮಾತು ಎಲ್ಲರಿಗೂ ಸರಿ ಕಂಡಿತು. ವನಜಮ್ಮನಿಗೂ ಸರಿ ಕಂಡಿತು. ತೇಜಸ್ವಿನಿ ಇಬ್ಬರ ಅಂಕಿಗಳನ್ನೂ ಇನ್ನೊಮ್ಮೆ ನೋಡಿದಳು. ಕಣ್ಣಿಗೆ ಕಾಣುವುದೆಲ್ಲ ಒಂದು ಹೇಳುತ್ತಿತ್ತು, ಅಂಗೈಯಗಲದ ಆ ಮೆಷಿನ್ ಮತ್ತೊಂದು ಹೇಳುತ್ತಿತ್ತು. ತಾನು ಈ ಹುಡುಗಿಯನ್ನು ಇಲ್ಲೇ ಉಳಿಸಿಕೊಂಡು ಏನಾದರೂ ಆದರೆ? ಅವಳು ಪೂವಯ್ಯನವರನ್ನು ಪಕ್ಕದ ಕೋಣೆಗೆ ಕರೆದು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಮೈಯ ಭಾಗಗಳಿಗೆ ಸಾಕಷ್ಟು ರಕ್ತ ಹೋಗದೆ ಇದ್ದಾಗ ಈ ಲ್ಯಾಕ್ಟೇಟ್ ಏರುತ್ತೆ ಸರ್. ದೀಕ್ಷಿತಾಗೆ ಜ್ವರ ಜೋರಾಗಿದೆ, ಆದರೆ ಅವಳ ರಕ್ತದಲ್ಲಿ ಏರಿಲ್ಲ. ಅವಳಿಗೆ ಬೇಕಾದ ಔಷಧಿ ಆಗಲೇ ಶುರುವಾಗಿದೆ. ಮೈಸೂರಿಗೆ ಹೋದರೂ ಇದನ್ನೇ ಕೊಡ್ತಾರೆ. ಒಳಗಿರೋ ಯಜಮಾನ್ರಿಗೆ ಹಾಗಲ್ಲ. ಔಷಧಿ ಕೊಟ್ಟ ಮೇಲೂ ಏರ್ತಾ ಇದೆ. ಅವರು ಇನ್ನು ಸ್ವಲ್ಪ ಹೊತ್ತು ಮಾತ್ರ ಹೀಗೆ ಕೂತಿರ್ತಾರೆ ಅಂತ ನನಗೆ ಭಯ."

"ಅದು ಖಂಡಿತವಾ?"

"ಖಂಡಿತ ಅಂತ ಹೇಳೋಕೆ ಬರಲ್ಲ. ಇಂಥ ರೋಗಿಗಳನ್ನ ತುಂಬ ಜನರನ್ನ ನೋಡಿದ್ದೀನಿ. ಹೆಚ್ಚಿನವರಲ್ಲಿ ಹೀಗೇ ಆಗಿದೆ."

"ನಮ್ಮ ಹುಡುಗಿಗೆ ಇಲ್ಲಿ ಹೆಚ್ಚುಕಮ್ಮಿ ಆದ್ರೆ?"

"ಅವಳ ಪಕ್ಕದಲ್ಲೇ ಇರ್ತೀನಿ. ಮತ್ತೆ ರಕ್ತ ನೋಡ್ತೀನಿ. ಏರಿದರೆ 108 ಬಂದ ಕೂಡಲೇ ನಾನೇ ಜೊತೆಗೆ ಹೊರಡ್ತೀನಿ."

ಪೂವಯ್ಯ ಮೇಜಿನ ಮೇಲಿದ್ದ ಮೆಷಿನ್ನನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕಾಫಿ ಮಾರಲು ಹೋದಾಗ ವ್ಯಾಪಾರಿಯ ತೇವಾಂಶದ ಮೆಷಿನ್ನನ್ನು ಅವರು ಒಂದೇ ಸಲಕ್ಕೆ ನಂಬಿದವರಲ್ಲ. ಚೆನ್ನಾಗಿ ಒಣಗಿದ ಒಂದು ಹಿಡಿ ಬೀಜವನ್ನು ಜೇಬಿನಲ್ಲಿ ಒಯ್ದು, ಮೊದಲು ಅದನ್ನು ಹಾಕಿಸಿ ನೋಡಿ, ಆಮೇಲೆ ಚೀಲ ಬಿಚ್ಚುವವರು.

ಅವರು ಅಂಗಿಯ ತೋಳು ಮಡಚಿ ಬೆರಳು ಚಾಚಿದರು. "ನಂದು ಹಾಕಿ ನೋಡಿ."

ತೇಜಸ್ವಿನಿ ಬೆರಳು ಒರೆಸಿ, ಚುಚ್ಚಿ, ಹನಿಯನ್ನು ಮೆಷಿನ್ನಿನ ಪಟ್ಟಿಗೆ ತಾಗಿಸಿದಳು. ಇಬ್ಬರೂ ಬಾಗಿ ನೋಡಿದರು. ಒಂದು, ಚುಕ್ಕೆ, ಒಂದು.

"ಇದು ಸರಿ ಇರುವವರದ್ದಾ?"

"ಹೌದು ಸರ್."

"ನಮ್ಮ ದೀಕ್ಷಿದು ಇದರ ಹತ್ತಿರವೇ ಉಂಟು. ಅವರದ್ದು ಆರು."

"ಆರರ ಮೇಲೆ."

ಅವರು ಬೆರಳಿಗೆ ಹತ್ತಿ ಒತ್ತಿಕೊಂಡು ಎದ್ದರು. ಹೊರಗೆ ಬಂದು ಪೊನ್ನಮ್ಮನ ಹತ್ತಿರ ತಮ್ಮ ಭಾಷೆಯಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಪೊನ್ನಮ್ಮ ಮುಖ ತಿರುಗಿಸಿಕೊಂಡು ಮೊಮ್ಮಗಳ ಕಾಲ ಬಳಿ ಕೂತರು. ಪೂವಯ್ಯ ವರಾಂಡಕ್ಕೆ ಹೋಗಿ, "ವಸಂತ, ಅವರನ್ನ ಕರ್ಕೊಂಡು ಹೋಗು. ಬೇಗ ಹೋಗು, ಆದ್ರೆ ಹುಷಾರು" ಎಂದರು.

ಇನ್ನು ಕೆಂಪಣ್ಣನನ್ನು ಒಪ್ಪಿಸಬೇಕಿತ್ತು. ಆ ಕೆಲಸವನ್ನು ಸೌಮ್ಯ ಮಾಡಿದಳು. "ಅಪ್ಪ, ಬೆಳಿಗ್ಗೆ ನನ್ನನ್ನ ಏನಂತ ಕರೆದೆ?" ಎಂದು ಕೇಳಿದಳು. ಅವನು "ಸೌಮ್ಯ ಅಂತ" ಎಂದ. "ಅತ್ತೆ ಹೆಸರಿಟ್ಟು ಕರೆದೆ ನೀನು. ಅದು ನಿಂಗೆ ನೆನಪೇ ಇಲ್ಲ." ಅವನು ಹೆಂಡತಿಯನ್ನು ನೋಡಿದ. ವನಜಮ್ಮ ಹೌದೆಂದು ತಲೆಯಾಡಿಸಿದಳು. ಆಗ ಮೊದಲ ಬಾರಿಗೆ ಅವನ ಮುಖದ ನಗು ಮಾಯವಾಯಿತು. ಟೀ ಲೋಟ ಕೆಳಗಿಟ್ಟು ಸ್ಟ್ರೆಚರಿನ ಮೇಲೆ ಮಲಗಿದ.

ತೇಜಸ್ವಿನಿ ನರ್ಸ್ ಶೋಭಿತಾಳನ್ನು ಜೊತೆಗೆ ಕಳಿಸಿದಳು. ಬಿಪಿ ಏರಿಸುವ ಔಷಧಿಯನ್ನು ಸಿರಿಂಜ್ ಪಂಪಿನಲ್ಲಿ ತುಂಬಿ, ಕೆಂಪಣ್ಣನ ಕೈಗೆ ಇನ್ನೊಂದು ಸೂಜಿಯನ್ನೂ ಹಾಕಿ, ಸಿದ್ಧ ಮಾಡಿಯೇ ಇಟ್ಟಳು. "ಈಗ ಬೇಡ. ಬೇಕಾದಾಗ ಫೋನ್ ಮಾಡು, ನಾನು ಹೇಳ್ತೀನಿ" ಎಂದಳು. ವನಜಮ್ಮ ಗಂಡನ ಪಕ್ಕ ಹತ್ತಿ ಕೂತಳು. ಗಾಡಿ ಬೈಲುಕುಪ್ಪೆಯ ದಾರಿ ಹಿಡಿಯಿತು.

ದೀಕ್ಷಿತಾಳ ನಡುಕ ನಿಂತಿತ್ತು. ಜ್ವರ ಮಾತ್ರ ಇಳಿದಿರಲಿಲ್ಲ. ತೇಜಸ್ವಿನಿ ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ಬೇರೆ ರೋಗಿಗಳನ್ನು ನೋಡಲು ಎದ್ದು ಹೋದಳು, ಮತ್ತೆ ಬಂದು ಕೂತಳು. ಪೊನ್ನಮ್ಮ ಅವಳೊಡನೆ ಮಾತಾಡಲಿಲ್ಲ. ಹಣೆಯ ಒದ್ದೆ ಬಟ್ಟೆಯನ್ನು ತೆಗೆದು, ಹಿಂಡಿ, ಮತ್ತೆ ಹಾಕುತ್ತಿದ್ದರು.

ಫೋನ್ ಬಂದಾಗ ಗಾಡಿ ಪಿರಿಯಾಪಟ್ಟಣ ದಾಟಿ ಹುಣಸೂರಿನ ದಾರಿಯಲ್ಲಿತ್ತು.

"ಮೇಡಂ, ಮಾತಾಡ್ತಾನೇ ಇದ್ರು. ಈಗ ಕರೆದ್ರೆ ಉತ್ತರ ಇಲ್ಲ. ಬಿಪಿ ಎಪ್ಪತ್ತು." ಶೋಭಿತಾ ದನಿ ಏರಿಸದೆ ಹೇಳಿದಳು. ಹಿಂದೆ ವನಜಮ್ಮ ಗಂಡನನ್ನು ಕರೆಯುತ್ತಿರುವುದು ಕೇಳಿಸುತ್ತಿತ್ತು.

"ಪಂಪ್ ಶುರು ಮಾಡು. ನಾನು ಹೇಳಿದಷ್ಟರಲ್ಲೇ. ಆಕ್ಸಿಜನ್ ಮಾಸ್ಕ್ ಹಾಕು. ಕಾಲು ಸ್ವಲ್ಪ ಮೇಲಿಡು. ಫೋನ್ ಇಡಬೇಡ, ಸ್ಪೀಕರಿಗೆ ಹಾಕು."

ಪೂವಯ್ಯ ಕಿಟಕಿಯ ಬಳಿ ನಿಂತಿದ್ದರು. ಎಪ್ಪತ್ತು ಎನ್ನುವುದು ಅವರಿಗೂ ಕೇಳಿಸಿತ್ತು. ತೇಜಸ್ವಿನಿ ಫೋನನ್ನು ಕಿವಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಕಡೆಯಿಂದ ಸೈರನ್ ಕೇಳುತ್ತಿತ್ತು, ಶೋಭಿತಾಳ ಉಸಿರು ಕೇಳುತ್ತಿತ್ತು.

"ಎಪ್ಪತ್ತೆರಡು, ಮೇಡಂ."

"ಸ್ವಲ್ಪ ಏರಿಸು."

ಬಿಪಿ ಪಟ್ಟಿಗೆ ಗಾಳಿ ತುಂಬುವ ಸದ್ದು ಕೇಳಿಸಿತು. "ಎಂಬತ್ತನಾಲ್ಕು." ಮತ್ತೆ ಅದೇ ಸದ್ದು. "ತೊಂಬತ್ತು. ಕಣ್ಣು ಬಿಟ್ರು ಮೇಡಂ. ಹೆಂಡತಿ ಕೈ ಹಿಡ್ಕೊಂಡಿದ್ದಾರೆ."

"ಹಾಗೇ ಇರಲಿ. ಮೈಸೂರಲ್ಲಿ ಹೇಳಿಟ್ಟಿದ್ದೀನಿ, ಕಾಯ್ತಾ ಇದ್ದಾರೆ."

ಫೋನ್ ಇಟ್ಟ ಮೇಲೆ ಅವಳು ದೀಕ್ಷಿತಾಳ ಪಕ್ಕದ ಕುರ್ಚಿಗೆ ಮರಳಿದಳು. ಸ್ವಲ್ಪ ಹೊತ್ತಿಗೆ ಪೊನ್ನಮ್ಮ ಎದ್ದು, ಮನೆಯಿಂದ ತಂದಿದ್ದ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಅವಳ ಮುಂದೆ ಹಿಡಿದರು.

"ಬೆಳಿಗ್ಗೆಯಿಂದ ನೀವು ಎಂತದೂ ಕುಡಿದದ್ದು ನಾನು ನೋಡ್ಲಿಲ್ಲ" ಎಂದರು.

ಸಂಜೆಯ ಹೊತ್ತಿಗೆ ದೀಕ್ಷಿತಾ ಬೆವತು ಕಂಬಳಿ ಒದ್ದಳು. ರಕ್ತ ಮತ್ತೆ ನೋಡಿದಾಗ ಅಂಕಿ ಮೊದಲಿಗಿಂತಲೂ ಕಡಿಮೆಯಿತ್ತು. ಅಷ್ಟರಲ್ಲಿ 108 ಬಂದಿತ್ತು, ಅದರ ಅಗತ್ಯ ಬೀಳಲಿಲ್ಲ. ಅವಳು ಎದ್ದು ಕೂತು ಮೊದಲು ಕೇಳಿದ್ದು ತನ್ನ ಮೊಬೈಲನ್ನು. ಆಮೇಲೆ, "ಅಜ್ಜ, ಆ ಟೀ ಕುಡೀತಿದ್ದವರು ಎಲ್ಲಿ?" ಎಂದಳು. ನಡುಗುತ್ತ ಮಲಗಿದ್ದವಳಿಗೆ ಪರದೆಯ ಸಂದಿನಿಂದ ಕಂಡದ್ದು ಅಷ್ಟೇ.

ಮೈಸೂರಿನಲ್ಲಿ ಅದೇ ದಿನ ಕೆಂಪಣ್ಣನ ಕಾಲಿನ ಆಪರೇಷನ್ ಆಯಿತು. ಎರಡು ಬೆರಳನ್ನೂ ಪಾದದ ಕೊಳೆತ ಭಾಗವನ್ನೂ ತೆಗೆಯಬೇಕಾಯಿತು. ಮೊದಲ ಕೆಲವು ದಿನ ಅಲ್ಲಿನ ಡಾಕ್ಟರುಗಳು ಯಾವ ಭರವಸೆಯನ್ನೂ ಕೊಡಲಿಲ್ಲ. ಕಿಡ್ನಿ ಕೆಲಸ ನಿಲ್ಲಿಸಿತ್ತು, ಡಯಾಲಿಸಿಸ್ ಮಾಡಿದರು. ವನಜಮ್ಮ ಐಸಿಯು ಹೊರಗಿನ ಬೆಂಚಿನಲ್ಲೇ ಉಳಿದಳು. ಸೌಮ್ಯ ದಿನಕ್ಕೊಮ್ಮೆ ತೇಜಸ್ವಿನಿಗೆ ಫೋನ್ ಮಾಡುತ್ತಿದ್ದಳು. ಅಪ್ಪ ಹೇಗಿದ್ದಾರೆ ಎಂದರೆ ಅಲ್ಲಿ ಎಲ್ಲರೂ "ನೋಡೋಣ" ಎನ್ನುತ್ತಾರೆಂದು ತಿಳಿದ ಮೇಲೆ ಅವಳು ಲ್ಯಾಕ್ಟೇಟ್ ಎಷ್ಟು ಎಂದು ಕೇಳುವುದನ್ನು ಕಲಿತಿದ್ದಳು.

"ಇವತ್ತು ನಾಲ್ಕು ಅಂದ್ರು ಡಾಕ್ಟ್ರೆ. ಒಳ್ಳೇದಾ?"

"ಆರರಿಂದ ನಾಲ್ಕಕ್ಕೆ ಬಂದಿದೆ ಅಂದ್ರೆ ಒಳ್ಳೇದೇ. ಇಳೀತಾ ಇರೋದು ಮುಖ್ಯ."

ಮರುದಿನ ಮೂರು. ಅದರ ಮರುದಿನ ಸೌಮ್ಯ ಫೋನ್ ಮಾಡಿ ಅಳತೊಡಗಿದಾಗ ತೇಜಸ್ವಿನಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. "ಎರಡರ ಒಳಗೆ ಬಂತು ಡಾಕ್ಟ್ರೆ" ಎಂದಳು ಸೌಮ್ಯ, ಮೂಗು ಒರೆಸಿಕೊಳ್ಳುತ್ತ. "ಅಪ್ಪ ನನ್ನ ಹೆಸರಿಟ್ಟು ಕರೆದ್ರು. ಸರಿಯಾಗಿ ಕರೆದ್ರು."

ಶುಂಠಿಯನ್ನು ಅಕ್ಕಪಕ್ಕದ ಜಮೀನಿನವರು ಸೇರಿ ಕಿತ್ತು ಲೋಡ್ ಮಾಡಿಸಿದರು. ಕೆಂಪಣ್ಣ ಊರಿಗೆ ಬಂದದ್ದು ಫೆಬ್ರವರಿ ಮುಗಿಯುವಾಗ. ಕಿಡ್ನಿ ಮೆಲ್ಲಗೆ ಸುಧಾರಿಸಿಕೊಂಡಿತ್ತು. ಮೈ ಅರ್ಧಕ್ಕೆ ಇಳಿದಿತ್ತು. ವಾಕರ್ ಹಿಡಿದು ನಡೆಯುತ್ತಿದ್ದ. ಡ್ರೆಸ್ಸಿಂಗಿಗೆಂದು ಅದೇ ಆಸ್ಪತ್ರೆಗೆ ಬರುತ್ತಿದ್ದ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅವನು ವರಾಂಡದ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದಾಗ ಪೂವಯ್ಯ ಬಿಪಿ ಮಾತ್ರೆ ತೆಗೆದುಕೊಳ್ಳಲು ಬಂದು ಪಕ್ಕದಲ್ಲೇ ಕೂತರು. ಅವತ್ತು ಸ್ಟ್ರೆಚರಿನಲ್ಲಿ ಹೊರಟವನನ್ನು ಪೂವಯ್ಯ ಗುರುತಿಸಿದರು. ಕೆಂಪಣ್ಣನಿಗೆ ಗುರುತು ಸಿಗಲಿಲ್ಲ. ಆ ದಿನದ ಬಹುಪಾಲು ಅವನ ನೆನಪಿನಿಂದ ಅಳಿಸಿಹೋಗಿತ್ತು.

"ಯಾವ ಕಡೇರು?" ಎಂದು ಕೇಳಿದ.

"ಸುಂಟಿಕೊಪ್ಪ."

"ಕಾಫಿ ಹೂವಾಯ್ತಾ ಅಲ್ಲಿ?"

"ಮಳೆ ಚೂರು ತಡ ಆಯ್ತು. ಆದ್ರೂ ಪರವಾಗಿಲ್ಲ. ನಿಮ್ಮ ಶುಂಠಿ?"

"ಈ ಸಲ ಬಿತ್ತನೆ ಅರ್ಧಕ್ಕೇ ಮಾಡಿಸ್ತೀನಿ. ಕಾಲು ಹಿಂಗಾಯ್ತಲ್ಲ." ಕೆಂಪಣ್ಣ ಪಾದ ತೋರಿಸಿದ. "ಡಾಕ್ಟ್ರಮ್ಮ ಕಳಿಸ್ದೇ ಇದ್ದಿದ್ರೆ ನಾನು ಅವತ್ತೇ ಹೊಂಟೋಯ್ತಿದ್ದೆ ಅಂತಾರೆ. ನಂಗೇನೂ ಅನ್ಸಿರಲಿಲ್ಲ ಸಾರ್. ಚೆನ್ನಾಗೇ ಇದ್ದೆ."

ಔಷಧಿಯ ಕಿಟಕಿಯಿಂದ ಬಂದ ವನಜಮ್ಮ ಪೂವಯ್ಯನವರನ್ನು ನೋಡಿ ನಿಂತಳು. ಅವರು ಏನೂ ಹೇಳಬೇಡ ಎಂಬಂತೆ ಕೈ ಸ್ವಲ್ಪ ಅಲ್ಲಾಡಿಸಿದರು. ಆದರೆ ಅವಳು ಸುಮ್ಮನಿರುವ ಹೆಂಗಸಲ್ಲ.

"ಇವ್ರೇ ಕಣ್ರೀ ಅವತ್ತು ಗಾಡಿ ಬಿಟ್ಟುಕೊಟ್ಟೋರು. ಅವ್ರ ಮೊಮ್ಮಗಳು ಒಳಗೆ ಸುಡೋ ಜ್ವರದಲ್ಲಿ ಮಲಗಿದ್ಲು."

ಕೆಂಪಣ್ಣ ವಾಕರ್ ಹಿಡಿದು ಏಳಲು ಹೋದ. ಪೂವಯ್ಯ ಅವನ ಭುಜ ಹಿಡಿದು ಕೂರಿಸಿದರು. "ಕೂತ್ಕೊಳ್ಳಿ ಮಾರಾಯ್ರೆ. ಅವಳು ಅವತ್ತೇ ಸಂಜೆ ಎದ್ದು ಕೂತ್ಲು. ಈಗ ಕಾಲೇಜಿಗೆ ಹೋಗ್ತಾ ಉಂಟು."

"ಮಗು ಚೆನ್ನಾಗೈತಾ?" ಎಂದು ಕೇಳಿದ ಕೆಂಪಣ್ಣ, ಅವರು ಈಗಷ್ಟೇ ಹೇಳಿದ್ದನ್ನೇ. ಅವರು ಚೆನ್ನಾಗಿದ್ದಾಳೆ ಎಂದು ಮತ್ತೊಮ್ಮೆ ಹೇಳಿದರು.

ತೇಜಸ್ವಿನಿ ಬಾಗಿಲಿಗೆ ಬಂದು ಅವನ ಹೆಸರು ಕರೆದಳು. ಡ್ರೆಸ್ಸಿಂಗ್ ಬಿಚ್ಚಿ ನೋಡಿದಳು. ಗಾಯ ಪೂರ್ತಿ ಮುಚ್ಚಿ ಹೊಸ ಚರ್ಮ ಬಂದಿತ್ತು. ಇನ್ನು ಬಟ್ಟೆ ಸುತ್ತುವ ಅಗತ್ಯವಿಲ್ಲ ಎಂದಳು. ಹೊಲಕ್ಕಿಳಿಯುವಾಗ ಬರಿಗಾಲು ಮಾತ್ರ ಕೂಡದು.

"ಬೂಟು ತಂದಿಟ್ಟವ್ಳೆ ಮಗಳು" ಎಂದ ಕೆಂಪಣ್ಣ, ಬೇಸರದಿಂದ. "ಮೊಣಕಾಲ ತನಕ ಬತ್ತದೆ. ಅದನ್ನ ಹಾಕ್ಕೊಂಡು ನಿಂತ್ರೆ ಪೊಲೀಸ್ನೋರು ಬಂದಂಗೆ ಕಾಣ್ತದೆ. ಆಳುಗಳು ನಗ್ತಾರೆ."

"ನಗ್ಲಿ ಬುಡಿ" ಎಂದಳು ವನಜಮ್ಮ. ಬುಟ್ಟಿ ಎತ್ತಿಕೊಂಡು, ಗಂಡನ ವಾಕರಿಗೆ ದಾರಿಯಾಗುವಂತೆ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು.